ಬೇವಿನ ಬಾಗಿಲಿನ ಬಸ್ಸು

ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಹೊಸದಾಗಿ ಇಸ್ತ್ರಿಯವನೊಬ್ಬ ಬಂದಿದ್ದಾನೆ ಎಂದು ಅಕ್ಕ ಹೇಳಿದ್ದಳು. ಕಳೆದ ಮಳೆಗಾಲದಲ್ಲಿ ಎರಡು ದಿನ ಬಿಡದೆ ಮಳೆ ಹಿಡಿದಾಗ, ಅರೆಬರೆ ಒಣಗಿದ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಹೋದೆ. ಗಾಲಿಯಿಲ್ಲದ ಹಳೆಯ ಮಿನಿಬಸ್ಸೊಂದನ್ನು ಇಟ್ಟಿಗೆಗಳ ಮೇಲೆ ಕೂರಿಸಿ ಅದರೊಳಗೆ ಅಂಗಡಿ ಮಾಡಿಕೊಂಡಿದ್ದ. ಬದಿಯ ಬಾಗಿಲು ತೆರೆದು ನನ್ನ ಚೀಲಕ್ಕೆ ಕೈ ಚಾಚಿದಾಗ ಒಳಗಿನಿಂದ ವಾಸನೆಯೊಂದು ಬಂತು. ಗಂಜಿ, ಇದ್ದಿಲಿನ ಬಿಸಿ, ಅವೆರಡರ ಕೆಳಗೆ ನೆನೆದ ಬೇವಿನ ಕಟ್ಟಿಗೆಯ ಕಹಿ. ನಾನು ಚೀಲ ಬಿಡದೆ ಹಾಗೇ ನಿಂತುಬಿಟ್ಟೆ. ಏನಾಯಿತಮ್ಮಾ ಎಂದು ಆತ ಎರಡು ಸಲ ಕೇಳಬೇಕಾಯಿತು.

ಆ ಬಾಗಿಲು ನನಗೆ ಗೊತ್ತಿತ್ತು. ಅದು ಬರೀ ಹಲಗೆಯಾಗಿದ್ದಾಗಿನಿಂದ ಗೊತ್ತು. ಬಸ್ಸಿನ ಬಣ್ಣ ಬದಲಾಗಿತ್ತು, ಗಾಲಿಗಳು ಯಾರ ಪಾಲಾಗಿದ್ದವೋ, ಕಿಟಕಿಗಳಿಗೆ ತಗಡು ಬಡಿದಿದ್ದರು. ಆದರೂ ಬಾಗಿಲ ಅಂಚಿನಲ್ಲಿ ಕೀಸುಳಿ ಎಳೆದ ಕೈಯ ಗುರುತು ಹಾಗೇ ಇತ್ತು. ಆ ಕೈಯನ್ನು ನಾನು ಒಂದು ಬೇಸಿಗೆ, ಒಂದು ಮಳೆಗಾಲ ಹತ್ತಿರದಿಂದ ನೋಡಿದ್ದೇನೆ. ಸೀರೆ ಕೊಟ್ಟು ಮನೆಗೆ ಬಂದವಳಿಗೆ ಆ ದಿನ ಬೇರೆ ಯಾವ ಕೆಲಸವೂ ಹತ್ತಲಿಲ್ಲ.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಊರಿಗೆ ಊರೇ ಕಂಪ್ಯೂಟರಿನ ಹಿಂದೆ ಬಿದ್ದಿದ್ದ ಕಾಲ. ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಕಲ್ಲು ಒಡೆಯುವವರು, ಇಟ್ಟಿಗೆ ಹೊರುವವರು ಬಹಳ ಮಂದಿ ರಾಯಚೂರು, ಯಾದಗಿರಿ, ಕಲಬುರ್ಗಿ ಕಡೆಯವರು. ಕಟ್ಟಡ ಎದ್ದ ಮೇಲೆ ಒಳಗೆ ತಂಪಾಗಿ ಕೂರುವವರಲ್ಲಿ ಮೈಸೂರು, ಬೆಂಗಳೂರು, ಮಂಗಳೂರಿನವರೂ ಇದ್ದರು. ಒಂದೇ ಗೋಡೆಯ ಆಚೆ ಈಚೆ ಕನ್ನಡವೇ ಇದ್ದರೂ ಒಬ್ಬರದು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ನಾನು ಎರಡೂ ಕಡೆಯವಳಲ್ಲ. ಮೆಹದಿಪಟ್ಟಣಂನಲ್ಲಿ, ಜೆರಾಕ್ಸ್ ಅಂಗಡಿಯೊಂದರ ಮಹಡಿಯ ಮೇಲಿದ್ದ ಟ್ರಾವೆಲ್ಸ್ ಆಫೀಸಿನಲ್ಲಿ ಫೋನು ಎತ್ತುವ ಕೆಲಸ ನನ್ನದು.

ಮಾಲೀಕರು ಸಾಂಬಶಿವ ರಾವ್. ತಿರುಪತಿ, ಶಿರಡಿ ಎಂದು ಬಸ್ಸು ಓಡಿಸಿಕೊಂಡಿದ್ದವರ ತಲೆಗೆ ಒಂದು ದಿನ ಹುಳ ಹೊಕ್ಕಿತು. ಈ ಸಾಫ್ಟ್‌ವೇರ್ ಮಕ್ಕಳಿಗೆ ದೇವರಿಗಿಂತ ಗಾಳಿ ಬೇಕಾಗಿದೆ, ರಜೆ ಬಂದರೆ ಸಮುದ್ರ ಬೇಕಾಗಿದೆ. ಲಾಡ್ಜು ಎಂದರೆ ಮೂಗು ಮುರಿಯುತ್ತಾರೆ, ಟೆಂಟು ಎಂದರೆ ಹಿಗ್ಗುತ್ತಾರೆ. ಆದರೆ ಅವರ ಜೊತೆ ಬರುವ ಅಪ್ಪ ಅಮ್ಮಂದಿರಿಗೆ ಮಂಚ ಬೇಕು, ಬಾಗಿಲಿರುವ ಬಚ್ಚಲು ಬೇಕು. ಹಳೆಯ ಮಿನಿಬಸ್ಸೊಂದನ್ನು ಮನೆಯಾಗಿಸಿ ಬಾಪಟ್ಲದ ಆಚೆ ಕಡಲ ದಂಡೆಯಲ್ಲಿ ನಿಲ್ಲಿಸಿದರೆ ಹೇಗೆ? ಒಳಗೆ ಹಿರಿಯರು, ಸುತ್ತ ಟೆಂಟುಗಳಲ್ಲಿ ಕಿರಿಯರು. ವಿದೇಶದಲ್ಲಿ ಜನ ಹೀಗೆ ಮನೆಯನ್ನೇ ಎಳೆದುಕೊಂಡು ತಿರುಗುವ ಚಿತ್ರವನ್ನು ಯಾವುದೋ ಪತ್ರಿಕೆಯಿಂದ ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡಿದ್ದರು. "ವನಜಮ್ಮಾ, ಮೊದಲ ಟ್ರಿಪ್ಪಿಗೆ ನೀನೇ ಹೋಗಬೇಕು. ಜೊತೆಗೊಬ್ಬ ಹೆಣ್ಣುಮಗಳಿದ್ದರೆ ಹಿರಿಯರಿಗೆ ಧೈರ್ಯ," ಎಂದು ಅವರು ತೆಲುಗಿನಲ್ಲಿ ಹೇಳಿದ ದಿನ, ಮಲ್ಕಾಜ್‌ಗಿರಿಯ ಮನೆಗೆ ಹೋಗಲು ಕೋಠಿಯಲ್ಲಿ ಇಳಿದು ಬಸ್ಸು ಬದಲಿಸಬೇಕೆಂಬುದನ್ನೇ ನಾನು ಮರೆತೆ.

ಯಾಕೆಂದರೆ ನಾನು ಕಡಲು ನೋಡದೆ ನಾಲ್ಕು ವರ್ಷವಾಗಿತ್ತು. ನಮ್ಮದು ಕುಮಟೆ. ಅಪ್ಪ ಹೋದ ಮೇಲೆ ಅಲ್ಲಿನ ಬಾಡಿಗೆ ಮನೆ ಬಿಟ್ಟುಕೊಟ್ಟು ಅಮ್ಮ, ನಾನು ಅಕ್ಕನ ಮನೆಗೆ ಬಂದೆವು. ಭಾವ ರೈಲ್ವೆಯಲ್ಲಿದ್ದರು, ಮಲ್ಕಾಜ್‌ಗಿರಿಯ ಕ್ವಾರ್ಟರ್ಸು. ಅಲ್ಲಿಂದ ಮುಂದೆ ನೆನಪಿಸಿಕೊಳ್ಳಲು ಊರಿತ್ತು, ಹೋಗಿ ಇಳಿಯಲು ಮನೆಯಿರಲಿಲ್ಲ. ಅಮ್ಮ ಹೈದರಾಬಾದಿನ ಮೇಲೆ ಹೊರಿಸದ ಆರೋಪವಿಲ್ಲ. "ಈ ಊರಲ್ಲಿ ಉಪ್ಪು ನೀರೇ ಒಡೆಯೂದಿಲ್ಲ ಮಾರಾಯ್ತಿ. ಮಳೆಗಾಲ ಬಂತು ಅಂತ ಗೊತ್ತಾಗೂದಾದ್ರೂ ಹೇಗೆ?" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಆದರೆ ಒಬ್ಬಳೇ ಇದ್ದಾಗ ಹಳಿಯ ಮೇಲೆ ಗೂಡ್ಸ್ ಗಾಡಿ ದೂರ ಹೋಗುವ ಸದ್ದಿಗೆ ಕಣ್ಣು ಮುಚ್ಚಿಕೊಂಡು, ಅದು ಅಲೆಯ ಸದ್ದು ಎಂದು ನಂಬಲು ನೋಡುತ್ತಿದ್ದೆ. ಇಪ್ಪತ್ನಾಲ್ಕರ ಹುಡುಗಿ ಹಾಗೆಲ್ಲ ಮಾಡಿದ್ದನ್ನು ಈಗ ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಬಸ್ಸನ್ನು ಮನೆ ಮಾಡಿದವನು ಈರಣ್ಣ. ಲಿಂಗಸೂಗೂರು ತಾಲೂಕಿನವನು, ವಯಸ್ಸು ಮೂವತ್ತೈದರ ಆಸುಪಾಸು. ಕಟ್ಟಡಗಳಲ್ಲಿ ಸೆಂಟ್ರಿಂಗ್ ಹಲಗೆ ಬಡಿಯುತ್ತಿದ್ದವನನ್ನು ರಾವ್ ಗಾರು ಹುಡುಕಿ ತಂದಿದ್ದರು. ಸೆಂಟ್ರಿಂಗ್ ಎಂದರೆ ಕಾಂಕ್ರೀಟು ಸುರಿಯಲೆಂದು ಇವತ್ತು ಬಡಿದು ನಾಳೆ ಕಿತ್ತುಹಾಕುವ ಕೆಲಸ. "ಏಳು ವರ್ಷ ಆತ್ರಿ ಅಕ್ಕಾರ, ಉಳಿಯುವಂಥಾದ್ದು ಒಂದ್ ಸಾಮಾನ ಮಾಡಿಲ್ಲ ಈ ಕೈಲೆ," ಎಂದು ಮೊದಲ ದಿನವೇ ಹೇಳಿದ್ದ. ಕೆಲಸ ನಡೆಯುತ್ತಿದ್ದದ್ದು ನಮ್ಮ ಕ್ವಾರ್ಟರ್ಸಿನಿಂದ ಕೂಗಳತೆ ದೂರದ ಶೆಡ್ಡಿನಲ್ಲಿ. ಆಫೀಸಿಗೆ ಹೋಗುವ ಮುಂಚೆ ಅಲ್ಲಿ ಇಣುಕಿ, ಎಷ್ಟು ಕೆಲಸವಾಯಿತೆಂದು ರಾವ್ ಗಾರಿಗೆ ವರದಿ ಒಪ್ಪಿಸುವುದೂ ನನ್ನ ಪಾಲಿಗೇ ಬಂತು. ವರದಿಗೆ ಐದು ನಿಮಿಷ ಸಾಕಿತ್ತು. ನಾನು ಮುಕ್ಕಾಲು ಗಂಟೆ ಕೂರುತ್ತಿದ್ದೆ.

ಅದು ಮೇ ತಿಂಗಳು. ಶೆಡ್ಡಿನ ತಗಡು ಕಾದು ಚಟಚಟ ಅನ್ನುತ್ತಿತ್ತು. ಈರಣ್ಣ ತನ್ನ ಊರ ಕಡೆಯಿಂದಲೇ ಲಾರಿಯಲ್ಲಿ ಬೇವಿನ ಹಲಗೆ ತರಿಸಿದ್ದ. ಪ್ಲೈವುಡ್ಡು ಕಾಗದದ ಜಾತಿ, ಬೇವಾದರೆ ಹುಳ ಮುಟ್ಟುವುದಿಲ್ಲ ಎಂದು ಅವನ ವಾದ. ಕೀಸುಳಿಗೆ ಅವನು ರಂದಾ ಎನ್ನುತ್ತಿದ್ದ. ಅದು ಹಲಗೆಯ ಮೇಲೆ ಹರಿದಾಗ ಸುರುಳಿ ಸುರುಳಿ ಹೆರೆ ಏಳುತ್ತಿತ್ತು, ಕಹಿ ಕಹಿ ಘಮ ಶೆಡ್ಡು ತುಂಬುತ್ತಿತ್ತು. ನನ್ನ ಸೀರೆಗೂ ಆ ವಾಸನೆ ಹತ್ತಿ, ಆಫೀಸಿನಲ್ಲಿ ಕೂತರೆ ಕೆಳಗಿನ ಜೆರಾಕ್ಸ್ ಅಂಗಡಿಯ ಹುಡುಗಿ, ಅಕ್ಕಾ ನಿಮಗೆ ಸಿಡುಬು ಬಂದಿತ್ತಾ, ಬೇವಿನ ನೀರಲ್ಲಿ ಸ್ನಾನ ಮಾಡಿ ಬಂದಿದ್ದೀರಾ ಎಂದು ಕೀಟಲೆ ಮಾಡುತ್ತಿದ್ದಳು.

ಈರಣ್ಣನಿಗೆ ಆ ಬಸ್ಸಿನ ಮೇಲೆ ಎಷ್ಟು ಆಸೆಯಿತ್ತೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೆಂಡತಿ ನೀಲವ್ವ, ಮೂರು ವರ್ಷದ ಮಗಳು ಗಂಗಿ ಊರಲ್ಲಿದ್ದರು. ಏಳು ವರ್ಷದಲ್ಲಿ ಅವನು ಸಂಸಾರ ಮಾಡಿದ್ದು ಯುಗಾದಿ, ದೀಪಾವಳಿಯ ರಜೆಗಳಲ್ಲಿ. ಗಂಗಿ ಅವನನ್ನು ಕಂಡರೆ ತಾಯಿಯ ಸೆರಗಿನ ಹಿಂದೆ ಅಡಗುತ್ತಿತ್ತಂತೆ. ಈ ಬಸ್ಸು ಚೆನ್ನಾಗಿ ಬಂದು ಮೊದಲ ಟ್ರಿಪ್ಪು ಗೆದ್ದರೆ ಇಂಥವೇ ಇನ್ನೂ ನಾಲ್ಕು ಮಾಡಿಸುತ್ತೇನೆ, ಅವುಗಳಿಗೆ ಕಾಯಂ ಬಡಗಿ ನೀನೇ, ಶೆಡ್ಡಿನ ಪಕ್ಕದ ಕೋಣೆ ನಿನಗೇ ಎಂದು ರಾವ್ ಗಾರು ಮಾತು ಕೊಟ್ಟಿದ್ದರು. ಆ ಕೋಣೆ ಹಳೆಯ ಟೈರುಗಳ ಗೋದಾಮಾಗಿತ್ತು. ಈರಣ್ಣ ಭಾನುವಾರಗಳಂದು ಟೈರು ಹೊರಹಾಕಿ, ನೆಲ ಗೀಚಿ, ಎರಡು ಸಲ ಸುಣ್ಣ ಬಳಿದ. ಮೂಲೆಯಲ್ಲೊಂದು ಒಲೆಯ ಕಟ್ಟೆ ಕಟ್ಟಿದ. ಒಳಗೆ ಸಾಮಾನು ಒಂದೂ ಇರಲಿಲ್ಲ. ಆದರೂ ಒಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುತ್ತಿದ್ದ, ನನಗೂ ಬಿಡಿಸುತ್ತಿದ್ದ.

"ದಸರಾ ಮುಗೀತಂದ್ರ ಕರಕೊಂಡ್ ಬರ್ತೀನ್ರಿ," ಎನ್ನುತ್ತಿದ್ದ. "ನಮ್ಮಾಕಿ ಕೇಳಾಕತ್ತಾಳ, ಹೈದರಾಬಾದಿನ್ಯಾಗ ಜ್ವಾಳ ಸಿಗತೈತೇನಂತ."

ದಸರೆಗೆ ಹತ್ತು ದಿನವಿದೆ ಎನ್ನುವಾಗ ಒಳಗೆ ನಾಲ್ಕು ಮಂಚ, ಅಡುಗೆಯ ಕಟ್ಟೆ, ಕಪಾಟುಗಳು, ಹಿಂಬದಿಗೆ ಬಚ್ಚಲು ಎಲ್ಲ ಸಿದ್ಧವಾದವು. ಬಾಗಿಲುಗಳನ್ನು ಕೂರಿಸಿದ ದಿನ ಅವನು ನನ್ನನ್ನು ಕರೆದು ಸಾಲಾಗಿ ತೋರಿಸಿದ. ಜೇಬಿನಿಂದ ಸಿಟಿ ಬಸ್ಸಿನ ಟಿಕೀಟು ತೆಗೆದು, ಮುಚ್ಚಿದ ಬಚ್ಚಲ ಬಾಗಿಲ ಅಂಚಿಗೆ ಒತ್ತಿದ. ಟಿಕೀಟು ಮಡಿಚಿಕೊಂಡಿತೇ ಹೊರತು ಒಳಗೆ ಹೋಗಲಿಲ್ಲ.

"ನೋಡ್ರಿ ಅಕ್ಕಾರ, ಟಿಕೀಟು ಒಳಗ ಹೋತಂದ್ರ ನಾನು ಬಡಗ್ಯಾನ ಅಲ್ಲ. ನಮ್ಮ ಕಡಿ ಧೂಳ ಭಾಳ. ಬ್ಯಾಸಗಿ ಗಾಳಿ ಬಿಟ್ಟಾಗ ಬಾಗಲದಾಗ ಎಳಿಯಷ್ಟ ಸಂದ್ ಇದ್ರೂ ರೊಟ್ಟಿ ಮ್ಯಾಲ ಮಣ್ಣ ಕುಂದರತೈತಿ. ಸಂದ್ ಬಿಟ್ಟದ್ದು ಬಾಗಲ ಅಲ್ರಿ, ತಡಿಕಿ."

ನಾನು ಬಾಯಿ ತೆರೆದೆ. ನಮ್ಮ ಕುಮಟೆಯಲ್ಲಿ ಹೊಸ ಬಾಗಿಲು ಕೂರಿಸುವಾಗ ಬಡಗಿ ಬೆಂಕಿಪೆಟ್ಟಿಗೆಯಿಂದ ಕಡ್ಡಿ ತೆಗೆದು ಅಂಚಿನಲ್ಲಿ ಓಡಿಸುತ್ತಾನೆ. ಕಡ್ಡಿ ಸಲೀಸಾಗಿ ಓಡಿದರೆ ಬಾಗಿಲು ಸರಿಯಾಯಿತು. ಕಡಲ ಗಾಳಿಗೆ, ಮಳೆಗೆ ಕಟ್ಟಿಗೆ ಉಬ್ಬುತ್ತದೆ. ಸಂದು ಬಿಡದಿದ್ದರೆ ಜೂನಿನಲ್ಲಿ ಮುಚ್ಚಿದ ಬಾಗಿಲು ನವರಾತ್ರಿಯವರೆಗೆ ತೆರೆಯುವುದಿಲ್ಲ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಪ್ಪ ಒಂದು ಮಳೆಗಾಲ ಪೂರ್ತಿ ದೇವರ ಕೋಣೆಯ ಬಾಗಿಲನ್ನು ಭುಜ ಕೊಟ್ಟು ನೂಕಿ ಒಳಗೆ ಹೋಗುತ್ತಿದ್ದದ್ದು ನನ್ನ ಕಣ್ಣ ಮುಂದೇ ಇತ್ತು.

ಅದೇ ಹೊತ್ತಿಗೆ ರಾವ್ ಗಾರು ಶೆಡ್ಡಿಗೆ ಬಂದರು. ಎಲ್ಲ ಬಾಗಿಲನ್ನೂ ಎಳೆದು ನೋಡಿ ಖುಷಿಪಟ್ಟರು. "ಏನಾದರೂ ಬದಲಾಯಿಸಬೇಕಿದ್ದರೆ ಈಗಲೇ ಹೇಳಿಬಿಡಿ," ಎಂದರು. "ನಾಳೆ ಬಣ್ಣದವನು ಬರುತ್ತಾನೆ. ಇವತ್ತು ಕೈ ಹಚ್ಚಿದರೆ ದಸರಾ ರಜೆ ತಪ್ಪುತ್ತದೆ. ದಸರಾ ತಪ್ಪಿದರೆ ಮುಂದಿನ ವರ್ಷವೇ."

ಈರಣ್ಣ ಏನೂ ಇಲ್ಲ ಎಂದು ತಲೆಯಾಡಿಸಿದ. ರಾವ್ ಗಾರು ನನ್ನ ಕಡೆ ನೋಡಿದರು. ಇನ್ನೊಂದು ವರ್ಷ ಗೂಡ್ಸ್ ಗಾಡಿಯ ಸದ್ದು ಕೇಳಿಕೊಂಡಿರುವುದು ನನ್ನಿಂದ ಆಗುತ್ತಿರಲಿಲ್ಲ. ಎರಡು ಮೂರು ದಿನದ ಮಾತು, ಅಷ್ಟರಲ್ಲಿ ಏನು ಉಬ್ಬುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲ ಸರಿಯಿದೆ ಸಾರ್ ಎಂದೆ.

ಆ ಸಂಜೆ ಊಟಕ್ಕೆ ಕೂತಾಗ ಬಸ್ಸಿನ ವರ್ಣನೆಯನ್ನೆಲ್ಲ ಕೇಳಿದ ಅಮ್ಮ ಒಂದೇ ಪ್ರಶ್ನೆ ಕೇಳಿದಳು. "ಕಡಲ ಬದಿಗೆ ಹೋಗೂ ಬಾಗಿಲು, ಸಂದು ಬಿಟ್ಟಿದಾನಾ ಆ ಬಡಗಿ?"

"ಬಿಟ್ಟಿದಾನೆ," ಎಂದೆ.

ಹೊರಟಿದ್ದು ದಸರೆಗೆ ಮುಂಚೆ, ಒಂದು ಮುಂಜಾನೆ. ಮೈಸೂರಿನ ಹುಡುಗ ಕಿರಣ್, ಅವನ ಮೂವರು ಸಹೋದ್ಯೋಗಿಗಳು, ಮಗನ ಮನೆಗೆ ಬಂದಿದ್ದ ಕಿರಣನ ತಾಯಿ ನಮ್ಮ ಮೊದಲ ಗಿರಾಕಿಗಳು. ಆ ತಾಯಿಗೆ ಸ್ವಲ್ಪ ಉಬ್ಬಸವಿತ್ತು. ಬಸ್ಸಿನಲ್ಲಿ ಮಂಚ ಇದೆ ಎಂಬ ಒಂದೇ ಕಾರಣಕ್ಕೆ ಒಪ್ಪಿ ಬಂದಿದ್ದರು. ಓಡಿಸುವವನು ಖಾಜಾ. ಏನಾದರೂ ಸಡಿಲವಾದರೆ ಇರಲಿ ಎಂದು ಈರಣ್ಣ ತನ್ನ ಹತಾರದ ಚೀಲದೊಂದಿಗೆ ಹಿಂದೆ ಕೂತಿದ್ದ. ರಾವ್ ಗಾರು ತಮ್ಮ ಕಾರಿನಲ್ಲಿ ಹಿಂಬಾಲಿಸಿದರು. ನಲ್ಗೊಂಡ ದಾಟಿ, ಕೃಷ್ಣಾ ನದಿ ದಾಟಿ, ಗುಂಟೂರಿನ ಬಿಸಿಲು ದಾಟಿ ಹೋದೆವು. ರಸ್ತೆ ಎಂಬುದು ಹೆಸರಿಗಷ್ಟೇ ಇದ್ದ ಕಡೆಯೂ ಬಸ್ಸಿನೊಳಗೆ ಒಂದು ಬಾಗಿಲೂ ಗಡಗಡ ಅನ್ನಲಿಲ್ಲ. ಪ್ರತಿ ಹಳ್ಳಕ್ಕೂ ಈರಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದ.

ಬಾಪಟ್ಲ ದಾಟಿದ ಮೇಲೆ ಗಾಳಿಯೇ ಬೇರೆಯಾಯಿತು. ಮುಖಕ್ಕೆ ಅಂಟುವ ಗಾಳಿ. ಕಿಟಕಿಯಿಂದ ಕೈ ಹೊರಚಾಚಿ ಬೆರಳು ಬೆರಳಿಗೆ ಉಜ್ಜಿದೆ, ಜಿಗುಟು ಜಿಗುಟು. ಗಾಳಿಮರಗಳ ತೋಪಿನೊಳಗೆ ಬಸ್ಸು ನಿಂತದ್ದೇ ತಡ, ಹಿರಿಯರಿಗೆ ಕೈಕೊಟ್ಟು ಇಳಿಸಬೇಕಾದ ನಾನು ಎಲ್ಲರಿಗಿಂತ ಮೊದಲು ಇಳಿದು ಓಡಿದೆ. ಚಪ್ಪಲಿ ಎಲ್ಲಿ ಬಿದ್ದವೋ. ಅಲೆಯೊಂದು ಬಂದು ಪಾದ ಮುಚ್ಚಿ, ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. ಆ ಜಾರುವಿಕೆಗೇ ನಾನು ನಾಲ್ಕು ವರ್ಷ ಕಾದಿದ್ದೆ. ನಿಂತಲ್ಲೇ ಅತ್ತೆ.

ಆದರೆ ಅದು ನಮ್ಮ ಕಡಲಲ್ಲ. ಹೊರಡುವಾಗಲೇ ಅಮ್ಮ ಮೂದಲಿಸಿದ್ದಳು, "ಅದು ಎಂತ ಕಡಲೇ? ಸೂರ್ಯ ಮುಳುಗೂದೇ ಇಲ್ವಂತೆ ಅಲ್ಲಿ." ಹಾಗೆ ಹೇಳಿಯೂ, ಬರುವಾಗ ಒಂದು ಬಾಟಲಿ ನೀರು ತಾ ಎಂದು ಖಾಲಿ ಬಾಟಲಿ ಕೊಟ್ಟಿದ್ದಳು. ನಿಜವೇ, ಸಂಜೆ ಸೂರ್ಯ ನಮ್ಮ ಬೆನ್ನ ಹಿಂದೆ ಗದ್ದೆಗಳ ಕಡೆ ಇಳಿದ. ಕಡಲು ಸುಮ್ಮನೆ ಕಪ್ಪಾಯಿತು. ನನಗೆ ಅದೂ ಸಾಕಿತ್ತು.

ಈರಣ್ಣ ಕಡಲನ್ನು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಆಮೇಲೆ ನನ್ನ ಹತ್ತಿರ ಬಂದು, "ಈ ಸಪ್ಪಳ ಯಾವಾಗ ಬಂದ್ ಆಕೈತ್ರಿ?" ಎಂದ.

"ಆಗುವುದಿಲ್ಲ."

"ನಮ್ಮ ಗಂಗಿ ಹಂಗ ಬಿಡ್ರಿ," ಎಂದು ನಕ್ಕ. ಬಗ್ಗಿ ಬಗ್ಗಿ ಚಿಪ್ಪು ಆರಿಸಿ ಮೊಳೆ ಇಡುವ ಡಬ್ಬಿಗೆ ತುಂಬಿಕೊಂಡ.

ಮರುದಿನ ಮಳೆ ಹಿಡಿಯಿತು. ಜಿಟಿಜಿಟಿ, ಗಾಳಿಯೊಂದಿಗೆ. ಟೆಂಟಿನ ಹುಡುಗರು ಬಸ್ಸಿನೊಳಗೆ ತುಂಬಿಕೊಂಡು ಇಸ್ಪೀಟಾಡಿದರು. ನಾನು ಬಾಗಿಲು ತೆರೆದೇ ಇಟ್ಟು ಅನ್ನ, ಸಾರು ಕುದಿಸಿದೆ. ಸಂಜೆಗೆ ತಟ್ಟೆಯ ಕಪಾಟು ತೆರೆಯಲು ಹೋದರೆ ಬರಲಿಲ್ಲ. ಎರಡು ಕೈ ಹಾಕಿ ಎಳೆದಾಗ ಕಿರ್ರನೆ ಬಂತು. ಒಳಗಿನಿಂದ ಹಸಿ ಬೇವಿನ ವಾಸನೆ ಮುಖಕ್ಕೆ ಹೊಡೆಯಿತು. ನನಗೆ ಆಗಲೇ ಗೊತ್ತಾಯಿತು. ಈರಣ್ಣನನ್ನು ಕರೆದು ಹೇಳಬಹುದಿತ್ತು, ಬಾಗಿಲುಗಳಿಗೆ ಬಟ್ಟೆ ಸಿಕ್ಕಿಸಿ ತೆರೆದಿಡಿ ಎನ್ನಬಹುದಿತ್ತು. ಈಗ ಹೇಳಿದರೆ ಆಗ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಏಳುತ್ತಿತ್ತು. ಕಪಾಟನ್ನು ಅರ್ಧ ತೆರೆದಿಟ್ಟು ತಟ್ಟೆ ಹಂಚಿದೆ.

ಮೂರನೆಯ ದಿನ ಆಯುಧ ಪೂಜೆ. ಮಳೆ ಬಿಟ್ಟಿತ್ತು. ಈರಣ್ಣ ಬೆಳಕು ಹರಿಯುವ ಮುಂಚೆ ಮಿಂದು, ಗಾಳಿಮರದ ಬುಡದಲ್ಲಿ ಹಲಗೆಯೊಂದನ್ನಿಟ್ಟು, ರಂದಾ, ಉಳಿ, ಸುತ್ತಿಗೆ, ಗರಗಸ ಎಲ್ಲವನ್ನೂ ಸಾಲಾಗಿ ಮಲಗಿಸಿ ವಿಭೂತಿ, ಕುಂಕುಮ ಹಚ್ಚಿದ್ದ. ಬಾಪಟ್ಲದಿಂದ ತಂದಿದ್ದ ಚೆಂಡುಹೂ ಇಟ್ಟಿದ್ದ. ಆ ದಿನ ಹತಾರ ಮುಟ್ಟುವಂತಿಲ್ಲ. ಒಮ್ಮೆ ಪೂಜೆಗೆ ಇಟ್ಟ ಮೇಲೆ ಮರುದಿನ ಬನ್ನಿ ಮುಡಿಯುವವರೆಗೆ ಅವು ದೇವರು. "ಇವತ್ತೊಂದಿನ ಅವಕ್ಕೂ ರಜಾ, ನನಗೂ ರಜಾ," ಎಂದು ಕಾಯಿ ಹೋಳು ಕೊಟ್ಟ. ನಾನು ಅದನ್ನು ಕಚ್ಚುತ್ತಾ ನೀರಿಗಿಳಿದೆ.

ಸೂರ್ಯ ಆಗಷ್ಟೇ ನೀರಿನಿಂದ ಏಳುತ್ತಿದ್ದ. ಕಡಲಿನಿಂದ ಸೂರ್ಯ ಹುಟ್ಟುವುದನ್ನು ನಾನು ಎಂದೂ ಕಂಡವಳಲ್ಲ. ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ಸಿನಿಮಾ ಹಿಂದುಮುಂದಾಗಿ ಓಡುತ್ತಿದೆಯೇನೋ ಅನ್ನಿಸಿ ನಗು ಬಂತು. ಹಿಂದೆ ಎಲ್ಲೋ ಧಡ್ ಧಡ್ ಎಂಬ ಸದ್ದು ಕೇಳಿಸಿತು. ಟೆಂಟಿನ ಗೂಟ ಬಡಿಯುತ್ತಿದ್ದಾರೆ ಎಂದುಕೊಂಡೆ. ತಿರುಗಿ ನೋಡಲಿಲ್ಲ. ಅಮ್ಮನ ಬಾಟಲಿ ತುಂಬಿಸಿ, ಇನ್ನೂ ನಾಲ್ಕು ಅಲೆ ಇರಲಿ ಎಂದು ನಿಂತೆ. ಆ ನಾಲ್ಕು ಅಲೆಗಳನ್ನು ನಾನು ಇವತ್ತಿಗೂ ಮರೆತಿಲ್ಲ.

ಕಿರಣ್ ಕೂಗುತ್ತಾ ಓಡಿಬಂದ. ಅವನ ತಾಯಿ ಬಚ್ಚಲಿಗೆ ಹೋದವರು ಹೊರಗೆ ಬರಲಾಗುತ್ತಿಲ್ಲ. ಎರಡು ದಿನದ ತೇವಕ್ಕೆ ಬಾಗಿಲು ಉಬ್ಬಿ ಚೌಕಟ್ಟಿನೊಳಗೆ ಕಚ್ಚಿಕೊಂಡಿತ್ತು. ನಾನು ಬಸ್ಸು ಹತ್ತುವಷ್ಟರಲ್ಲಿ ಖಾಜಾ ಜಾಕಿಯ ಕಬ್ಬಿಣದ ಸಲಾಕೆಯನ್ನು ಅಂಚಿಗೆ ತೂರಿಸಲು ಒದ್ದಾಡುತ್ತಿದ್ದ. ತೂರಿಸಲು ಸಂದೇ ಇರಲಿಲ್ಲ. ತಿರುಪು, ಕೀಲು ಎಲ್ಲ ಒಳಮೈಗೆ. ಬಚ್ಚಲಿಗೆ ಇದ್ದ ಗಾಳಿಕಿಂಡಿ ಅಂಗೈಯಗಲ. ಒಳಗಿನಿಂದ ಮೊದಲು ಮಾತು ಬರುತ್ತಿತ್ತು, ಆಮೇಲೆ ಬರೀ ಉಸಿರೆಳೆಯುವ ಸದ್ದು.

ಈರಣ್ಣ ಭುಜ ಕೊಟ್ಟು ನೂಕಿ ನೂಕಿ ಸೋತಿದ್ದ. ಒಂದು ಗಳಿಗೆ ಹೊರಗೆ, ಮರದ ಬುಡದ ಕಡೆ ನೋಡಿದ. ಆಮೇಲೆ ಇಳಿದು ಹೋಗಿ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅಗಲದ ಉಳಿಯನ್ನೂ ಸುತ್ತಿಗೆಯನ್ನೂ ಎತ್ತಿಕೊಂಡ. ಎರಡನ್ನೂ ಕಣ್ಣಿಗೊತ್ತಿಕೊಂಡ. ಬಂದವನು ಬಾಗಿಲಿನ ನಟ್ಟನಡುವೆ, ತಾನೇ ನುಣ್ಣಗೆ ಹೆರೆದಿದ್ದ ಜಾಗದಲ್ಲಿ ಉಳಿಯಿಟ್ಟು ಹೊಡೆದ. ಉಳಿಯ ಮೇಲಿನ ಕುಂಕುಮ ಅವನ ಹೆಬ್ಬೆರಳ ಬೆವರಿಗೆ ಕರಗಿ ಬಾಗಿಲ ಮೇಲೆ ಇಳಿಯಿತು. ಗಟ್ಟಿ ಕೆಲಸ. ಸೀಳಲು ಬಹಳ ಹೊತ್ತು ಹಿಡಿಯಿತು.

ಹೊರಬಂದ ಆ ತಾಯಿ ಮೆಟ್ಟಿಲ ಮೇಲೆ ಕೂತು, ಔಷಧಿ ಎಳೆದುಕೊಂಡು, ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡರು. ನೀರು ಕುಡಿದ ಮೇಲೆ ಈರಣ್ಣನ ಮುಖ ನೋಡಿ, "ಬಾಗ್ಲು ತುಂಬಾ ಗಟ್ಟಿಯಾಗೇ ಮಾಡಿದ್ದೀಯಪ್ಪ," ಎಂದರು. ಬೈದದ್ದಲ್ಲ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವನು ಬಾಗಿಲಿನ ಸೀಳುಗಳನ್ನು ಆಯತೊಡಗಿದ. ರಾವ್ ಗಾರು ಕೂಗಾಡಲಿಲ್ಲ. ಪರ್ಸಿನಿಂದ ಆ ಚಿತ್ರ ತೆಗೆದು ಸ್ವಲ್ಪ ಹೊತ್ತು ನೋಡಿ, ಮಡಿಚಿ, ಎಸೆಯದೆ ಮತ್ತೆ ಒಳಗೇ ಇಟ್ಟರು. "ಈರಣ್ಣಾ, ನಾನು ಕೇಳಿದ್ದು ಮನೆ, ನೀನು ಕಟ್ಟಿದ್ದು ಕೋಟೆ," ಎಂದಷ್ಟೇ ಅಂದರು. ಮಧ್ಯಾಹ್ನವೇ ಎಲ್ಲರೂ ಹೊರಟೆವು. ವಾಪಸು ಬರುವಾಗ ಹಳ್ಳ ಬಂದಾಗಲೆಲ್ಲ ಒಡೆದ ಬಾಗಿಲು ಬಡಿದುಕೊಳ್ಳುತ್ತಿತ್ತು.

ಇನ್ನೊಂದು ಬಸ್ಸು ಮಾಡಿಸುವ ಮಾತು ಅಲ್ಲಿಗೆ ಮುಗಿಯಿತು. ಶೆಡ್ಡು ಬಿಟ್ಟುಕೊಡುವುದೆಂದೂ ಬಸ್ಸನ್ನು ಮಾರುವುದೆಂದೂ ತೀರ್ಮಾನವಾಯಿತು. ಎರಡು ದಿನ ಬಿಟ್ಟು ಬೆಳಿಗ್ಗೆ ಶೆಡ್ಡಿಗೆ ಹೋದರೆ ರಂದಾ ಎಳೆಯುವ ಸದ್ದು ಕೇಳಿಸಿತು. ಈರಣ್ಣ ಹೊಸ ಹಲಗೆಯಲ್ಲಿ ಬಚ್ಚಲ ಬಾಗಿಲನ್ನು ಮತ್ತೆ ಮಾಡುತ್ತಿದ್ದ. ಉಳಿದ ಬಾಗಿಲುಗಳನ್ನೂ ಕಳಚಿ ಗೋಡೆಗೆ ಆನಿಸಿದ್ದ.

"ಮಾರುವ ಬಸ್ಸಿಗೆ ಯಾಕೆ ಈರಣ್ಣ?"

"ಕೆಟ್ಟ ಕೆಲಸ ಬಿಟ್ಟು ಹೋದ್ರ ಊರಾಗ ನಿದ್ದಿ ಬರಂಗಿಲ್ರಿ." ರಂದಾ ನಿಲ್ಲಿಸಿ ಹಲಗೆಯ ಅಂಚನ್ನು ಬೆರಳಲ್ಲಿ ಸವರಿದ. "ಎಷ್ಟ್ ಸಂದ್ ಬಿಡಬೇಕೋ ಅದ ತಿಳಿವಲ್ತು. ಭಾಳ ಬಿಟ್ರ ತಡಿಕಿ ಆಗತೈತಿ."

"ಒಂದು ಬೆಂಕಿಕಡ್ಡಿಯಷ್ಟು," ಎಂದೆ. ಯೋಚಿಸುವ ಮುಂಚೆಯೇ ಬಾಯಿಂದ ಬಂದಿತ್ತು.

ಅವನು ನನ್ನ ಕಡೆ ತಿರುಗಿ ನೋಡಿದ.

"ಹಂಗಾದ್ರ ನಿಮಗ ಗೊತ್ತಿತ್ರಿ."

"ಗೊತ್ತಿತ್ತು."

"ಮತ್ತ ಹೇಳ್ಲಿಲ್ಲ."

"ಹೇಳಿದ್ದರೆ ಬಸ್ಸು ನಿಲ್ಲುತ್ತಿತ್ತು ಈರಣ್ಣ. ನನಗೆ ಕಡಲು ನೋಡಬೇಕಿತ್ತು."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನನ್ನ ಪಾಡು ಹಗುರಾಗುತ್ತಿತ್ತು. ಅವನು ಬಾಗಿಲಾಚೆ, ಸುಣ್ಣ ಬಳಿದ ಆ ಕೋಣೆಯ ಕಡೆ ಒಮ್ಮೆ ನೋಡಿದ. ಆಮೇಲೆ ನಿಜವಾಗಿ ತಿಳಿದುಕೊಳ್ಳಬೇಕೆಂಬ ದನಿಯಲ್ಲಿ ಕೇಳಿದ.

"ಕಣ್ತುಂಬ ನೋಡಿದ್ರಿಲ್ಲೋ?"

"ನೋಡಿದೆ."

"ಚಲೋ ಆತು ಬಿಡ್ರಿ," ಎಂದ. "ಒಬ್ರಿಗರ ಆತು."

ಆಮೇಲೆ ಬೆಂಕಿಪೆಟ್ಟಿಗೆ ಕೇಳಿದ. ಮನೆಗೆ ಓಡಿಹೋಗಿ ತಂದುಕೊಟ್ಟೆ. ಒಂದು ಕಡ್ಡಿ ಆರಿಸಿ ಕಿವಿಯ ಮೇಲೆ ಸಿಕ್ಕಿಸಿಕೊಂಡು, ಆ ದಿನ, ಮರುದಿನ, ಎಲ್ಲ ಬಾಗಿಲುಗಳನ್ನೂ ಹೆರೆದ. ಪ್ರತಿ ಬಾಗಿಲನ್ನು ಕೂರಿಸಿದ ಮೇಲೆ ಕಡ್ಡಿಯನ್ನು ಅಂಚಿನ ಸುತ್ತ ಓಡಿಸಿ ನೋಡಿದ. ನನ್ನನ್ನು ಕರೆದು ತೋರಿಸಲಿಲ್ಲ, ಆದರೆ ಹೋಗು ಎಂದೂ ಅನ್ನಲಿಲ್ಲ. ನಾನು ಆಫೀಸಿಗೆ ಹೋಗದೆ ಹೆರೆಯ ರಾಶಿಯ ಪಕ್ಕದಲ್ಲಿ ಕೂತಿದ್ದೆ.

ಅವನನ್ನು ಬೀಳ್ಕೊಡಲು ಕೋಠಿಯ ಪಕ್ಕದ ದೊಡ್ಡ ಬಸ್ ನಿಲ್ದಾಣಕ್ಕೆ ಹೋದೆ. ರಾಯಚೂರಿನ ಬಸ್ಸು ಹತ್ತಿ ಕಿಟಕಿಯಲ್ಲಿ ಕೂತವನು ಮೊಳೆಯ ಡಬ್ಬಿ ಅಲ್ಲಾಡಿಸಿ ತೋರಿಸಿದ, ಒಳಗೆ ಗಂಗಿಯ ಚಿಪ್ಪುಗಳು. "ಬರ್ತೀನ್ರಿ ಅಕ್ಕಾರ," ಎಂದ. ಯಾವ ಹಳ್ಳಿಗೆ, ಯಾವ ವಿಳಾಸಕ್ಕೆ ಕಾಗದ ಬರೆಯಬೇಕೆಂದು ಕೇಳಬೇಕೆಂದು ನನಗೆ ಹೊಳೆದದ್ದು ಬಸ್ಸು ಹೋದ ಮೇಲೆ. ಮನೆಗೆ ಬಂದಾಗ ಅಮ್ಮ ಬಾಟಲಿಯ ನೀರನ್ನು ಅಂಗೈಗೆ ಸುರಿದು ನಾಲಿಗೆಗೆ ಹಚ್ಚಿ, "ಉಪ್ಪು ಸಾಲದು," ಎಂದಳು. ಆದರೂ ಆ ಬಾಟಲಿಯನ್ನು ಅವಳು ಕೊನೆಯವರೆಗೂ ದೇವರ ಗೂಡಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

ಆಮೇಲೆ ಎಷ್ಟೋ ಸಲ ಕಡಲು ನೋಡಿದೆ. ಮದುವೆಯಾದ ಮೇಲೆ ಪುರಿ, ಚೆನ್ನೈ, ಕುಮಟೆಗೂ ಎರಡು ಸಲ. ಎಲ್ಲ ಕಡೆ ನೀರಿಗಿಳಿದಿದ್ದೇನೆ, ಹಿಮ್ಮಡಿಯ ಕೆಳಗೆ ಮರಳು ಜಾರಿದೆ. ಆದರೆ ಕಡಲಿನ ಮುಂದೆ ನಿಂತಾಗ ಈಗ ನನ್ನ ಮನಸ್ಸು ಬಯಸುವುದು ಕಡಲನ್ನಲ್ಲ. ಕಾದ ತಗಡಿನ ಆ ಶೆಡ್ಡನ್ನು, ಬೇವಿನ ಹೆರೆಯ ಕಹಿಯನ್ನು, ಬರಿಗಾಲಲ್ಲಿ ಹೊಕ್ಕ ಖಾಲಿ ಕೋಣೆಯನ್ನು, ಅಕ್ಕಾರ ಎಂದು ಕರೆಯುತ್ತಿದ್ದ ಆ ದನಿಯನ್ನು. ಗಂಗಿಗೆ ಈಗ ಮದುವೆಯ ವಯಸ್ಸೂ ದಾಟಿರಬೇಕು. ಅಪ್ಪನ ಹತ್ತಿರ ಬರಲು ಯಾವಾಗ ಕಲಿತಳೋ ನನಗೆ ಗೊತ್ತಿಲ್ಲ.

ಸೀರೆ ತರಲು ಮತ್ತೆ ಹೋದದ್ದು ನಾಲ್ಕು ದಿನ ಬಿಟ್ಟು. ಮಳೆ ನಿಂತು ಬಿಸಿಲು ಬಿದ್ದಿತ್ತು, ಓಣಿಯಲ್ಲಿ ಆಟೋಗಳು ಧೂಳೆಬ್ಬಿಸುತ್ತಿದ್ದವು. ಇಸ್ತ್ರಿಯವನು ಬಾಗಿಲ ಅಂಚಿಗೆ ಹಳೆಯ ಚಿಂದಿ ತುರುಕುತ್ತಿದ್ದ. ನಾನು ಬಾಗಿಲನ್ನೇ ನೋಡುತ್ತಿರುವುದನ್ನು ಕಂಡು ಹಿಂದಿಯಲ್ಲಿ ಗೊಣಗಿದ. ಸುತ್ತಲೂ ಸಂದು ಅಮ್ಮಾ, ಬಿಳಿ ಬಟ್ಟೆಯ ಮೇಲೆಲ್ಲ ಧೂಳು ಕೂರುತ್ತದೆ, ಯಾರೋ ಕೆಲಸ ಬಾರದವನು ಮಾಡಿದ ಬಾಗಿಲು.

ಅವನ ಒಲೆಯ ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಇತ್ತು. ಒಂದು ಕಡ್ಡಿ ತೆಗೆದುಕೊಂಡು ಬಾಗಿಲು ಮುಚ್ಚಿದೆ. ಚಿಂದಿ ಎಳೆದುಹಾಕಿ, ಮೇಲಿನ ಮೂಲೆಯಿಂದ ಕಡ್ಡಿಯನ್ನು ಅಂಚಿನಲ್ಲಿ ಇಳಿಸಿದೆ. ಎಲ್ಲಿಯೂ ತಡೆಯದೆ ಕೆಳಗಿನವರೆಗೆ ಬಂತು.

"ಕೆಲಸ ಬರುತ್ತಿತ್ತಪ್ಪ ಅವನಿಗೆ," ಎಂದೆ. ಕಡ್ಡಿಯನ್ನು ಪೆಟ್ಟಿಗೆಗೆ ಹಿಂತಿರುಗಿಸಿದೆ. "ಇದು ಸಮುದ್ರಕ್ಕೆಂದು ಮಾಡಿದ ಬಾಗಿಲು."

ಅವನು ನನ್ನನ್ನೂ ಬಾಗಿಲನ್ನೂ ನೋಡಿ, ಸಮುದ್ರ ಇಲ್ಲೆಲ್ಲಿದೆ ಎಂದು ನಕ್ಕ. ನನ್ನ ಸೀರೆಗಳನ್ನು ಎಣಿಸಿ ಕೊಟ್ಟು, ಚಿಂದಿಯನ್ನು ಮತ್ತೆ ಸಂದಿಗೆ ತುರುಕತೊಡಗಿದ.